ಗೀಗೀ ಮೇಳಕ್ಕೆ ಎಷ್ಟು ಟ್ರ್ಯಾಕು?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಒಂದು ಹಾಡು ರೆಕಾರ್ಡ್ ಮಾಡಿಸಬೇಕೆಂದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕಾದ ಕಾಲ ಹೋಯಿತು. ಕಂಪ್ಯೂಟರ್ ಇಟ್ಟ ಒಂದು ಕೋಣೆ, ಒಂದು ಕೀಬೋರ್ಡು, ಒಂದು ಮೈಕು, ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನು ಇದ್ದರೆ ಅದಕ್ಕೆ ಸ್ಟುಡಿಯೊ ಎಂದು ಹೆಸರು. ಅಲ್ಲಿ ನಡೆಯುವ ಕೆಲಸದ ಕ್ರಮವೂ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲು ಕೀಬೋರ್ಡಿನವರು ತಾಳದ ಲೂಪು ಹಾಕಿ ‘ಟ್ರ್ಯಾಕು’ ಕಟ್ಟುತ್ತಾರೆ. ಹಾಡುವವರು ಬಂದು ಅದರ ಮೇಲೆ ಹಾಡಿ ಹೋಗುತ್ತಾರೆ. ದನಿಗೆ ಆಟೋಟ್ಯೂನ್ ಸವರಿ ಯೂಟ್ಯೂಬಿಗೆ ಏರಿಸುತ್ತಾರೆ. ಜಾನಪದ ಎಂಬ ಹಣೆಪಟ್ಟಿ ಹೊತ್ತು ಹೊರಬರುವ ಇಂಥ ಎಷ್ಟೋ ಹಾಡುಗಳಲ್ಲಿ ದನಿ ಬೇರೆ, ಮಾತು ಬೇರೆ, ಕೆಳಗಿನ ಬಡಿತ ಮಾತ್ರ ಅದೇ. ಇದನ್ನು ಕೇಳಿ ಬೇಸತ್ತ ಕೆಲವರು, ಬಹುಟ್ರ್ಯಾಕ್ ಧ್ವನಿಮುದ್ರಣವೇ ನಮ್ಮ ಹಾಡಿಗೆ ಒಗ್ಗದ ವಿದ್ಯೆ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ವಿದ್ಯೆಯಲ್ಲಿ ದೋಷವಿಲ್ಲ, ಯೋಜನೆಯಲ್ಲಿದೆ. ಯಾವ ದನಿಯನ್ನು ಬೇರೆಯಾಗಿ ಹಿಡಿಯಬೇಕು, ಯಾವ ಎರಡು ದನಿಗಳನ್ನು ಎಂದಿಗೂ ಅಗಲಿಸಬಾರದು ಎಂಬ ನಿರ್ಧಾರ ಮೈಕು ಹಚ್ಚುವ ಮೊದಲೇ ಆಗಬೇಕು. ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆಯನ್ನು ಯಾವ ತಂತ್ರಾಂಶವೂ ಕೊಡುವುದಿಲ್ಲ. ಹಾಡಿನ ಕಟ್ಟನ್ನೇ ಬಿಡಿಸಿ ನೋಡಿ ಅದನ್ನು ಪಡೆಯಬೇಕು. ಇವತ್ತಿನ ನನ್ನ ವಾದ ಇಷ್ಟೇ.

ಬಹುಟ್ರ್ಯಾಕ್ ಎಂದರೆ ಒಂದೊಂದು ದನಿಗೂ ಒಂದೊಂದು ಪ್ರತ್ಯೇಕ ದಾರಿ. ಹಾಡುವವರ ಗಂಟಲು ಒಂದರಲ್ಲಿ, ತಬಲಾ ಇನ್ನೊಂದರಲ್ಲಿ, ಪೇಟಿ (ಹಾರ್ಮೋನಿಯಂ) ಮತ್ತೊಂದರಲ್ಲಿ. ಮುದ್ರಿಸಿಕೊಂಡ ಮೇಲೆ ಯಾವುದನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂದು ಸಾವಧಾನವಾಗಿ ಕೂತು ತೂಗಿ ನೋಡಬಹುದು. ಒಬ್ಬರೇ ಬೇರೆ ಬೇರೆ ಹೊತ್ತಿನಲ್ಲಿ ಹಾಡಿ, ನುಡಿಸಿ ಇಡೀ ಮೇಳವನ್ನೇ ಕಟ್ಟಲೂಬಹುದು. ಈ ಆಸೆ ಹಳೆಯದು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ದಶಕದಲ್ಲೇ ತನ್ನ ನುಡಿಕೆಯ ಮೇಲೆ ತನ್ನದೇ ಇನ್ನೊಂದು ನುಡಿಕೆ ಹೇರುವ ಪ್ರಯೋಗ ನಡೆಸಿದ್ದ; 1957ರಲ್ಲಿ ಆಂಪೆಕ್ಸ್ ಕಂಪನಿಯ ಎಂಟು ಟ್ರ್ಯಾಕಿನ ಟೇಪ್ ಯಂತ್ರ ಅವನ ಕೈಸೇರಿತು. ಅದಾಗಿ ಹತ್ತು ವರ್ಷಕ್ಕೆ, 1967ರಲ್ಲಿ, ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಹೊರಬಂತು. ಲಂಡನ್ನಿನಲ್ಲಿ ಅದನ್ನು ಕಟ್ಟಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. ನಾಲ್ಕೂ ತುಂಬಿದವೆಂದರೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೆರಡು ಟ್ರ್ಯಾಕಿಗೆ ಇಳಿಸಬೇಕು, ಉಳಿದ ಜಾಗದಲ್ಲಿ ಮುಂದಿನದನ್ನು ತುಂಬಬೇಕು. ಒಮ್ಮೆ ಬೆರೆಸಿ ಮುಂದೆ ಸಾಗಿದ ಮೇಲೆ ಹಿಂದಿನದನ್ನು ತಿದ್ದುವುದು ದೊಡ್ಡ ಪಡಿಪಾಟಲು. ಹಾಗಾಗಿ ಡ್ರಮ್ಮಿನ ಪಕ್ಕದಲ್ಲಿ ಯಾವ ವಾದ್ಯ ಕೂರಬೇಕು, ಎಷ್ಟು ಎತ್ತರದ ದನಿಯಲ್ಲಿ ಕೂರಬೇಕು ಎಂಬುದನ್ನು ಮುಂಚೆಯೇ ಗಟ್ಟಿಮಾಡಿಕೊಳ್ಳದೆ ಗತ್ಯಂತರವಿರಲಿಲ್ಲ. 1979ರಲ್ಲಿ ಟ್ಯಾಸ್ಕಾಂ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೇ ನಾಲ್ಕು ಟ್ರ್ಯಾಕು ಮುದ್ರಿಸುವ ಪೋರ್ಟಾಸ್ಟುಡಿಯೊ ತಂದಿತು. 2000ದಲ್ಲಿ ಅಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆಯಾಗಿ ಬಂತು. ಈಗ ಟ್ರ್ಯಾಕಿಗೆ ಲೆಕ್ಕವೇ ಇಲ್ಲ. ಟ್ರ್ಯಾಕಿನ ಬರ ಇದ್ದಾಗ ಯೋಜನೆ ತಾನಾಗಿಯೇ ಹುಟ್ಟುತ್ತಿತ್ತು. ಬರ ಹಿಂಗಿದ ಮೇಲೆ ಅದನ್ನು ಬೇರೆಯಾಗಿಯೇ ಕಲಿಸಬೇಕಾಗಿ ಬಂದಿದೆ. ಹೊಸದಾಗಿ ಕಲಿಯುವವರು ಇದನ್ನು ಬಿಟ್ಟು ಗುಂಡಿ, ಮೆನುಗಳಿಂದ ಶುರುಮಾಡುತ್ತಾರೆ. ಗುಂಡಿಗಳನ್ನು ಒಂದು ವಾರದಲ್ಲಿ ಕಲಿಯಬಹುದು.

ಈಗ ಗೀಗೀ ಪದ ಹಾಡುವ ಒಂದು ಮೇಳವನ್ನು ಎದುರಿಗೆ ಕೂರಿಸಿಕೊಂಡು ನೋಡೋಣ. ಮುಮ್ಮೇಳದವರು ದಪ್ಪು ಎಂಬ ಬಡಿತದ ವಾದ್ಯ ಹಿಡಿದು ಹಾಡುತ್ತಾರೆ. ಹಿಮ್ಮೇಳದಲ್ಲಿ ಒಬ್ಬರ ಕೈಯಲ್ಲಿ ತುಂತುಣಿ ಎಂಬ ತಂತಿವಾದ್ಯ, ಇನ್ನೊಬ್ಬರ ಕೈಯಲ್ಲಿ ತಾಳ. ‘ಗೀಗೀ’ ಎಂಬ ಸೊಲ್ಲನ್ನು ಎತ್ತಿಕೊಡುವವರೂ ಅವರೇ. ಹರದೇಶಿ, ನಾಗೇಶಿ ಎಂದು ಎರಡು ಮೇಳ ಎದುರುಬದುರಾದರೆ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂಬ ವಾದ ಬೆಳಗಿನವರೆಗೂ ನಡೆಯುತ್ತದೆ. ಕಂಪ್ಯೂಟರಿನ ಮುಂದೆ ಕೂತವರಿಗೆ ಇದು ಸರಳವಾಗಿ ಕಾಣುತ್ತದೆ: ಮೂರು ಗಂಟಲು, ಮೂರು ವಾದ್ಯ, ಒಟ್ಟು ಆರು ಟ್ರ್ಯಾಕು. ಇವತ್ತು ದಪ್ಪು ಮುದ್ರಿಸೋಣ, ನಾಳೆ ಹಾಡು ಎಂದು ಹೇಳಿಬಿಡುತ್ತಾರೆ. ಇಲ್ಲೇ ಎಡವಟ್ಟಾಗುವುದು. ಮುಮ್ಮೇಳದವರ ಕೈ ಮತ್ತು ಬಾಯಿ ಎರಡು ಬೇರೆ ವಾದ್ಯಗಳಾಗಿ ಕೆಲಸ ಮಾಡುವುದಿಲ್ಲ. ಮಾತು ತುಂಬಿ ಓಡುವಾಗ ಕೈ ಹಗುರಾಗುತ್ತದೆ, ನುಡಿ ಮುಗಿದು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಪೆಟ್ಟು ಬಲವಾಗುತ್ತದೆ. ಸವಾಲಿನ ಮಾತು ಬಂದಾಗ ದಪ್ಪು ನಿಂತೇಬಿಡುತ್ತದೆ. ದಪ್ಪನ್ನು ಕೆಳಗಿಡಿಸಿ ಬರೀ ಹಾಡಿಸಿದರೆ ಹಾಡಿನ ಉಸಿರೇ ತಪ್ಪುತ್ತದೆ. ಹಾಡಿಲ್ಲದೆ ಬರೀ ದಪ್ಪು ಬಾರಿಸಿದರೆ ಪೆಟ್ಟು ಒಂದೇ ಸಮ ಆಗುತ್ತದೆ. ಆಮೇಲೆ ಅವೆರಡನ್ನೂ ಎಷ್ಟೇ ನಾಜೂಕಾಗಿ ಜೋಡಿಸಿದರೂ ಕೇಳುವವರಿಗೆ ಏನೋ ಕೊರತೆ ಕಾಣುತ್ತದೆ. ಏನೆಂದು ಹೇಳಲು ಬರುವುದಿಲ್ಲ ಅಷ್ಟೆ.

ಹಾಗಾದರೆ ಗೀಗೀ ಮೇಳಕ್ಕೆ ಬಹುಟ್ರ್ಯಾಕ್ ಬೇಡವೇ? ಬೇಕು. ಆದರೆ ಮೇಳ ಒಟ್ಟಿಗೆ ಹಾಡಬೇಕು, ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ. ಮೈಕುಗಳು ಮಾತ್ರ ಬೇರೆ ಬೇರೆ. ಮುಮ್ಮೇಳದವರ ಬಾಯಿಗೊಂದು, ದಪ್ಪಿಗೊಂದು, ತುಂತುಣಿಯವರಿಗೊಂದು, ತಾಳದವರಿಗೊಂದು, ಇಡೀ ಕೋಣೆಯ ದನಿಗೆ ದೂರದಿಂದ ಒಂದು ಜೋಡಿ. ಒಂದರ ದನಿ ಇನ್ನೊಂದಕ್ಕೆ ನುಸುಳುತ್ತದೆ, ನುಸುಳಲಿ. ಅದನ್ನು ಪೂರ್ತಿ ತಡೆಯುವ ಹಟ ಬೇಡ, ಅಂಕೆಯಲ್ಲಿಟ್ಟರೆ ಸಾಕು. ಹೆಚ್ಚಿನ ಗಾಯನದ ಮೈಕುಗಳಿಗೆ ಬೆನ್ನಿನ ಕಡೆ ಕಿವುಡು. ಮೈಕನ್ನು ಎದೆಯ ಮಟ್ಟದಿಂದ ಬಾಯಿಯ ಕಡೆಗೆ ಮೇಲ್ಮುಖವಾಗಿ ತಿರುಗಿಸಿ, ಅದರ ಬೆನ್ನು ದಪ್ಪಿನ ಕಡೆ ಬರುವಂತೆ ನಿಲ್ಲಿಸಿದರೆ ಅರ್ಧ ಕೆಲಸ ಅಲ್ಲೇ ಆಯಿತು. ಎರಡು ಮೈಕುಗಳ ನಡುವಿನ ಅಂತರ, ಮೈಕಿಗೂ ಅದರ ವಾದ್ಯಕ್ಕೂ ಇರುವ ಅಂತರದ ಮೂರು ಪಟ್ಟಾದರೂ ಇರಲಿ ಎಂಬುದು ಧ್ವನಿಮುದ್ರಣಕಾರರ ಹಳೆಯ ನಿಯಮ: ತುಂತುಣಿಗೆ ಒಂದು ಅಡಿಯಲ್ಲಿ ಮೈಕು ಇದ್ದರೆ ಮುಂದಿನ ಮೈಕು ಮೂರು ಅಡಿಯಾಚೆ. ಇನ್ನೊಂದು ಸಂಗತಿ. ಚರ್ಮದ ದಪ್ಪಾದರೆ ತಂಪಿಗೆ ಅದರ ದನಿ ಇಳಿಯುತ್ತದೆ, ಬೆಂಕಿಗೆ ಕಾಸಿದರೆ ಏರುತ್ತದೆ. ಮುಂಜಾನೆ ಹಾಡಿದ ನುಡಿಯಲ್ಲಿ ತಪ್ಪಾಗಿದೆ ಎಂದು ಮಧ್ಯಾಹ್ನ ಆ ಒಂದು ಸಾಲನ್ನಷ್ಟೇ ಮತ್ತೆ ಹಾಡಿಸಿ ತುರುಕಿದರೆ ದಪ್ಪಿನ ದನಿಯೇ ಬೇರೆ ಕೇಳಿಸುತ್ತದೆ. ತಿದ್ದುವುದಿದ್ದರೆ ಇಡೀ ನುಡಿಯನ್ನು, ಗೀಗೀ ಸೊಲ್ಲಿನಿಂದ ಸೊಲ್ಲಿನವರೆಗೆ, ಅದೇ ಬೈಠಕ್ಕಿನಲ್ಲಿ ಮತ್ತೆ ಹಾಡಿಸಬೇಕು. ಎಲ್ಲಿ ಕತ್ತರಿಸಬಹುದು ಎಂಬುದನ್ನು ಹಾಡೇ ತೋರಿಸಿಕೊಡುತ್ತದೆ.

ಲಯದ ವಿಷಯಕ್ಕೆ ಬಂದರೆ ಈ ಮಾತು ಇನ್ನೂ ಬಿಗಿಯಾಗುತ್ತದೆ. ಬಹುಟ್ರ್ಯಾಕ್ ಕಲಿಸುವವರು ಮೊದಲ ದಿನ ಹೇಳಿಕೊಡುವುದು ಕ್ಲಿಕ್ಕು. ನಿಮಿಷಕ್ಕೆ ಇಂತಿಷ್ಟು ಬಡಿತ ಎಂದು ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುವ ದನಿಯನ್ನು ಎಲ್ಲರ ಕಿವಿಗೂ ಹಾಕಿಬಿಟ್ಟರೆ, ಯಾರು ಯಾವಾಗ ನುಡಿಸಿದರೂ ಹೊಂದಿಕೊಳ್ಳುತ್ತದೆ. ಸಿನಿಮಾ ಹಾಡಿಗೆ ಇದು ಸರಿ. ಡೊಳ್ಳಿನ ಪದಕ್ಕೆ, ಭಜನೆಗೆ, ಗೀಗೀ ಪದಕ್ಕೆ ಸರಿಹೋಗುವುದಿಲ್ಲ. ಭಜನೆಯನ್ನೇ ತೆಗೆದುಕೊಳ್ಳಿ: ನಿಧಾನದಲ್ಲಿ ಎತ್ತಿದ ಪದ ಮಧ್ಯಕ್ಕೆ ಬರುವಾಗ ಬಿಸಿಯೇರುತ್ತದೆ, ಕೊನೆಯ ಸುತ್ತಿಗೆ ತಾಳ ದುಪ್ಪಟ್ಟಾಗುತ್ತದೆ. ಏರುವುದು ಯಾವಾಗ, ಎಷ್ಟು ಎಂಬುದನ್ನು ಆ ಹೊತ್ತಿನ ಹುರುಪು ತೀರ್ಮಾನಿಸುತ್ತದೆ. ಅದರ ಮೇಲೆ ಕ್ಲಿಕ್ಕು ಹೇರಿದರೆ ತಪ್ಪು ಕೂಡಲೇ ಗೊತ್ತಾಗುವುದಿಲ್ಲ, ಎಲ್ಲವೂ ಅಚ್ಚುಕಟ್ಟಾಗಿಯೇ ಕೇಳುತ್ತದೆ. ಅಚ್ಚುಕಟ್ಟಾಗಿ ಕೇಳುವುದೇ ತೊಂದರೆ. ಇಂಥ ಕಡೆ ಮೊದಲು ಇಡೀ ಮೇಳದ ಒಂದು ಓಟವನ್ನು ಮಾರ್ಗದರ್ಶಿಯಾಗಿ ಮುದ್ರಿಸಿಕೊಂಡು, ಆಮೇಲೆ ಸೇರಿಸಬೇಕಾದದ್ದನ್ನು ಆ ಓಟವನ್ನೇ ಕೇಳುತ್ತ ಸೇರಿಸಬೇಕು. ತಂತ್ರಾಂಶಕ್ಕೆ ಬಡಿತದ ನಕ್ಷೆ ಬೇಕಾದರೆ ಆ ಓಟದಿಂದಲೇ ಅದನ್ನು ಬರೆದುಕೊಳ್ಳಬಹುದು. ಹಲವು ತಂತ್ರಾಂಶಗಳಲ್ಲಿ ಆ ಸೌಲಭ್ಯವಿದೆ. ನಮ್ಮ ಸಿನಿಮಾದವರು ಬಹುಕಾಲದಿಂದ ಇದರ ಒಂದು ರೂಪವನ್ನು ಬಳಸಿದ್ದಾರೆ. ‘ಟ್ರ್ಯಾಕ್ ಹಾಡುವವರು’ ಎಂದು ಒಬ್ಬರು ಮೊದಲು ಹಾಡಿಟ್ಟು ಹೋಗುವುದು, ಹೆಸರಾಂತ ಗಾಯಕರು ಬಿಡುವಾದಾಗ ಬಂದು ಅದನ್ನು ಕೇಳಿ ತಮ್ಮ ದನಿ ಕೊಡುವುದು. ಅಲ್ಲಿ ದೊಡ್ಡವರ ಸಮಯ ಉಳಿಸಲು ಮಾಡಿದ ಉಪಾಯ ಇಲ್ಲಿ ಹಾಡಿನ ನಡೆಯನ್ನು ಉಳಿಸಲು ಒದಗಬಹುದು.

ಪ್ರತಿ ಹಾಡಿನ ಪ್ರಕಾರಕ್ಕೂ ಈ ಲೆಕ್ಕ ಬೇರೆ ಬೇರೆ. ಕೂಡಲಸಂಗಮದ ಸೀಮೆಯಲ್ಲಿ ವಚನ ಗಾಯನಕ್ಕೆ ಕೊರತೆಯಿಲ್ಲ. ಹಿಂದುಸ್ತಾನಿ ಪದ್ಧತಿಯಲ್ಲಿ ವಚನ ಹಾಡುವಾಗ ತಂಬೂರಿ ಬೇರೆಯಾಗಿ ಮುದ್ರಣವಾದರೆ ಏನೂ ನಷ್ಟವಿಲ್ಲ, ಅದು ಯಾರಿಗೂ ಉತ್ತರ ಕೊಡುವ ವಾದ್ಯವಲ್ಲ. ಕೊನೆಯಲ್ಲಿ ಹತ್ತು ಮಂದಿ ಒಕ್ಕೊರಲಿನಲ್ಲಿ ಎತ್ತಿಕೊಳ್ಳುವ ಸಾಲನ್ನು ಮರುದಿನ ಸೇರಿಸಬಹುದು. ಆದರೆ ಪೇಟಿ ಸಾಥಿಯವರು ಗಾಯಕರ ಹಿಂದೆ ಅರೆಕ್ಷಣ ತಡವಾಗಿ ಅದೇ ಆಲಾಪದ ಜಾಡು ಹಿಡಿದು ಬರುವವರು. ತಬಲಾದವರು ಗಾಯಕರ ಮುಖ ನೋಡಿ ಸಮ್ಮಿಗೆ ಬರುವವರು. ಆ ಮೂವರನ್ನು ಬೇರೆ ಬೇರೆ ದಿನ ಕರೆಸುವುದು ಸಾಥಿಯ ಅರ್ಥವನ್ನೇ ಕೆಡಿಸಿದಂತೆ. ಶ್ರೀಕೃಷ್ಣ ಪಾರಿಜಾತಕ್ಕೆ ಬನ್ನಿ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ಈ ಸಣ್ಣಾಟದಲ್ಲಿ ಹಾಡು ಎಲ್ಲಿ ಮುಗಿಯಿತು, ಮಾತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಹಾಡುಗಳನ್ನಷ್ಟೇ ಹೆಕ್ಕಿ ಒಂದೊಂದಾಗಿ ಮುದ್ರಿಸಿದರೆ ಸತ್ಯಭಾಮೆಯ ಮುನಿಸು ಮುನಿಸಾಗಿ ಉಳಿಯುವುದಿಲ್ಲ, ಕಾರಣವಿಲ್ಲದ ಗೋಳಾಗುತ್ತದೆ. ಅಲ್ಲಿ ಮುದ್ರಣದ ಅಳತೆ ಹಾಡಾಗಬಾರದು, ಪ್ರಸಂಗವಾಗಬೇಕು. ಕರಡಿ ಮಜಲು ಎಂಬ ವಾದ್ಯಮೇಳಕ್ಕೆ ಇನ್ನೊಂದು ರೀತಿ. ಕರಡಿ ಎಂಬ ಚರ್ಮವಾದ್ಯದ ಗುಡುಗಿನ ಪಕ್ಕದಲ್ಲೇ ಸನಾದಿ ಊದುವುದರಿಂದ ಅದನ್ನು ಮುಚ್ಚಿದ ಸಣ್ಣ ಕೋಣೆಗೆ ತರುವುದೇ ತಪ್ಪು. ಬಯಲಿನಲ್ಲಿ, ದೂರದ ಮೈಕುಗಳಲ್ಲಿ ಅದರ ಗಾತ್ರ ಸರಿಯಾಗಿ ಸಿಗುತ್ತದೆ.

ಇಷ್ಟೆಲ್ಲ ಮೊದಲೇ ಯೋಚಿಸುವುದು ಕಲೆಯ ಕೆಲಸವೋ ಗುಮಾಸ್ತಿಕೆಯೋ ಎಂದು ಕೇಳುವವರು ಇಳಕಲ್ಲಿನ ಮಗ್ಗದ ಮನೆಗೆ ಹೋಗಿ ಬರಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಜೋಡಿಸುವ ಟೋಪ್‌ತೆನಿ ಪದ್ಧತಿ ಆ ಸೀರೆಯ ಗುರುತು. ಈ ಜೋಡಣೆ ಇರುವುದರಿಂದಲೇ ಹಾಸನ್ನು ಬೇಕಾದಷ್ಟು ಉದ್ದ ಸುತ್ತಿಟ್ಟುಕೊಳ್ಳಲು ಬರುವುದಿಲ್ಲ. 6 ಗಜವೋ 8 ಗಜವೋ 9 ಗಜವೋ ಎಂದು ಸೀರೆಯ ಅಳತೆ ನೋಡಿಕೊಂಡೇ ಅಣಿಮಾಡಬೇಕು. ದಡಿಯ ಬಣ್ಣ, ಸೆರಗಿನ ಅಗಲ ಎಲ್ಲವೂ ಮೊದಲ ಲಾಳಿ ಓಡುವ ಮುಂಚೆಯೇ ತೀರ್ಮಾನವಾಗಿರುತ್ತವೆ. ನೇಕಾರರ ಕೈಚಳಕ ಅದರಿಂದ ಕಡಿಮೆಯಾಗಿಲ್ಲ. ಧ್ವನಿಮುದ್ರಣಕ್ಕೂ ಅಂಥದೇ ಮುನ್ಯೋಜನೆ, ಅದನ್ನು ಬರೆದಿಡುವ ಒಂದು ಹಾಳೆ ಬೇಕು. ಟ್ರ್ಯಾಕಿನ ಅಂಕಿ, ಅದರಲ್ಲಿ ಯಾರು, ಯಾವ ವಾದ್ಯ, ಯಾವ ಮೈಕು, ಯಾರ ಜೊತೆ ಒಟ್ಟಿಗೆ, ಯಾವುದರ ನಂತರ, ಹಾಡಿನ ಪಲ್ಲವಿ, ನುಡಿ, ಸೊಲ್ಲುಗಳ ಸಾಲು, ಶ್ರುತಿ. ಶ್ರುತಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಪೇಟಿಯ ‘ಕರಿ ಎರಡು’ ಮತ್ತು ಮೊಬೈಲಿನ ತಂಬೂರಿಯ ‘ಕರಿ ಎರಡು’ ಎಳೆಯಷ್ಟು ಹೆಚ್ಚುಕಮ್ಮಿ ಇರುವುದು ಸಾಮಾನ್ಯ. ಪೇಟಿಯ ರೀಡನ್ನು ಕೆರೆದು ತಿದ್ದುವುದು ಆ ಗಳಿಗೆಯಲ್ಲಿ ಆಗದ ಮಾತು. ಹಾಗಾಗಿ ಮೊದಲು ಪೇಟಿಯ ಸ್ವರ ಮುದ್ರಿಸಿಕೊಂಡು, ತಂಬೂರಿಯನ್ನೂ ಕೀಬೋರ್ಡನ್ನೂ ಅದಕ್ಕೆ ಹೊಂದಿಸಬೇಕು. ಇದನ್ನು ಮರೆತವರು ಕೊನೆಗೆ ಎಲ್ಲ ಮುಗಿದ ಮೇಲೆ ಪೇಟಿಯ ಟ್ರ್ಯಾಕನ್ನೇ ಮುಚ್ಚಿಡುತ್ತಾರೆ.

ಇನ್ನು ಆಕ್ಷೇಪಗಳು. ಮೊದಲನೆಯದು ಗಂಭೀರವಾದದ್ದು: ಜಾತ್ರೆಯಲ್ಲಿ, ಗುಡಿಯ ಕಟ್ಟೆಯ ಮೇಲೆ ಒಂದೋ ಎರಡೋ ಮೈಕಿನಲ್ಲಿ ಇದ್ದದ್ದನ್ನು ಇದ್ದಂತೆ ಹಿಡಿಯುವುದೇ ನಿಜ, ಉಳಿದದ್ದೆಲ್ಲ ಕಟ್ಟಿದ್ದು. ಸಂಶೋಧನೆಗಾಗಿ, ಸಂಗ್ರಹಕ್ಕಾಗಿ ಮುದ್ರಿಸುವಾಗ ನಾನೂ ಹಾಗೆಯೇ ಹೇಳುತ್ತೇನೆ. ಆದರೆ ಒಂದು ಮೈಕು ಇದ್ದದ್ದನ್ನು ಇದ್ದಂತೆ ಹಿಡಿಯುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಪುಷ್ಯದಲ್ಲಿ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು, ನಾಟಕ ಕಂಪನಿಗಳ ಧ್ವನಿವರ್ಧಕ, ಜನರೇಟರು, ಜೋಕಾಲಿಯವರ ಕೂಗು ಎಲ್ಲ ಒಂದರ ಮೇಲೊಂದು. ಅಲ್ಲಿ ನಿಂತು ಕೇಳುವವರ ಕಿವಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಮೈಕಿಗೆ ಆ ಶಕ್ತಿಯಿಲ್ಲ, ಹತ್ತಿರದ ದಪ್ಪನ್ನು ಹಿಡಿದು ಮಾತನ್ನು ಮುಳುಗಿಸುತ್ತದೆ. ಗೀಗೀ ಪದದಲ್ಲಿ ಮಾತು ಮುಳುಗಿದರೆ ಉಳಿಯುವುದೇನು? ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಊರೂರಿಗೆ ಸುದ್ದಿ ಹೊತ್ತ ಪ್ರಕಾರ ಅದು, ಜನ ಸೇರುತ್ತಿದ್ದುದೇ ಮಾತು ಕೇಳಲು. ಇನ್ನು ಕಟ್ಟಿದ್ದು ಎಂಬ ದೂರಿಗೆ ಬಂದರೆ, ಧ್ವನಿಮುದ್ರಣ ಯಾವಾಗಲೂ ಕಟ್ಟಿದ್ದೇ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ಧ್ವನಿಮುದ್ರಣ ಯಂತ್ರದ ಕಹಳೆಯ ಬಾಯಿಗೆ. ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಹಿಂಡಬೇಕಾಯಿತು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದ ದಿನಗಳಲ್ಲಿ ಗಾಯಕಿ, ವಾದ್ಯಗಾರರು ಎಲ್ಲ ಒಟ್ಟಿಗೆ ಒಂದೇ ಸಲಕ್ಕೆ ಮುದ್ರಣವಾಗುತ್ತಿದ್ದರು. ಯಾರು ಮೈಕಿಗೆ ಎಷ್ಟು ಹತ್ತಿರ, ಯಾರು ಗೋಡೆಯ ಕಡೆ ಎಂಬುದರಲ್ಲೇ ಮಿಕ್ಸಿಂಗು ಮುಗಿಯುತ್ತಿತ್ತು. ಅವತ್ತು ಹೆಜ್ಜೆ ಅಳೆದು ಮಾಡಿದ್ದನ್ನು ಇವತ್ತು ಟ್ರ್ಯಾಕಿನಲ್ಲಿ ಮಾಡುತ್ತೇವೆ. ಕಟ್ಟುವವರಿಗೆ ಏನು ಗೊತ್ತಿತ್ತು ಎಂಬುದರ ಮೇಲೆ ಎರಡೂ ಕೆಡುತ್ತವೆ, ಎರಡೂ ಚೆನ್ನಾಗಿಯೂ ಬರುತ್ತವೆ.

ಎರಡನೆಯ ಆಕ್ಷೇಪ ದುಡ್ಡಿನದು. ಎಂಟು ಮೈಕು, ಎಂಟು ದಾರಿಯ ಇಂಟರ್‌ಫೇಸು ಎಲ್ಲಿಂದ ತರುವುದು? ತರಲಾಗದಿದ್ದರೆ ಬೇಡ. ಎರಡೇ ದಾರಿ ಇದ್ದರೆ ಯೋಜನೆ ಇನ್ನೂ ಬಿಗಿಯಾಗಬೇಕು, ಅಷ್ಟೆ: ಗೀಗೀ ಮೇಳಕ್ಕೆ ಒಂದು ಮೈಕು ಬಾಯಿಗೆ, ಇನ್ನೊಂದು ಹಿಮ್ಮೇಳದ ಇಬ್ಬರ ನಡುವೆ, ದಪ್ಪು ಎರಡಕ್ಕೂ ನುಸುಳಿ ಬರುತ್ತದೆ, ಅದಕ್ಕೆ ಬೇರೆ ಮೈಕೇ ಬೇಡ. ನನಗೆ ಕೇಳಿದರೆ ಕಲಿಯುವವರು ವರ್ಷದ ಮಟ್ಟಿಗಾದರೂ ನಾಲ್ಕು ಟ್ರ್ಯಾಕಿಗಿಂತ ಹೆಚ್ಚು ಬಳಸದಿರುವುದೇ ಲೇಸು. ಫೈಲಿನ ಗಾತ್ರಕ್ಕೂ ಹೆದರಬೇಕಿಲ್ಲ. ಸೆಕೆಂಡಿಗೆ 48,000 ಮಾದರಿ, 24 ಬಿಟ್ಟಿನ ಗುಣಮಟ್ಟದಲ್ಲಿ ಒಂದು ಟ್ರ್ಯಾಕಿನ ಒಂದು ನಿಮಿಷಕ್ಕೆ 8.64 ಎಂಬಿ ಬೇಕು. ಹತ್ತು ನಿಮಿಷದ ಪದ, ನಾಲ್ಕು ಟ್ರ್ಯಾಕು ಎಂದರೆ 350 ಎಂಬಿಯೊಳಗೆ ಮುಗಿಯಿತು. ಖರ್ಚು ಮಾಡಬೇಕಾದದ್ದು ಕೋಣೆಯ ಮೇಲೆ. ಬಾಗಲಕೋಟೆಯ ನವನಗರದ ಕಾಂಕ್ರೀಟು ಕೋಣೆಗಳಲ್ಲಿ ಎದುರುಬದುರು ನುಣುಪು ಗೋಡೆಗಳ ನಡುವೆ ದನಿ ಚೆಂಡಿನಂತೆ ಪುಟಿಯುತ್ತದೆ, ಒಂದು ಚಪ್ಪಾಳೆ ತಟ್ಟಿದರೆ ಟರ್ರೆನ್ನುತ್ತದೆ. ಗೋಡೆಯಿಂದ ಒಂದು ಗೇಣು ಬಿಟ್ಟು ನಾಲ್ಕು ಮಡಿಕೆಯ ಕೌದಿ ಇಳಿಬಿಟ್ಟರೆ, ಮೂಲೆಗೆ ಹತ್ತಿಯ ಗಾದಿ ನಿಲ್ಲಿಸಿದರೆ ಹಾಡುವ ದನಿಯ ಮಟ್ಟಿಗೆ ಬಹಳಷ್ಟು ತಹಬಂದಿಗೆ ಬರುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಕೌದಿಗೆ ಬರವೇ? ದೊಡ್ಡ ಕರಡಿ, ಡೊಳ್ಳುಗಳ ತಗ್ಗು ದನಿಗೆ ಮಾತ್ರ ಕೌದಿ ಸಾಲದು. ಇಳಕಲ್ಲಿನಲ್ಲಿ ಪವರ್‌ಲೂಮುಗಳ ಸದ್ದಿರುವ ಓಣಿಯಾದರೆ ಅವು ನಿಲ್ಲುವ ಹೊತ್ತು ನೋಡಿ ಮುದ್ರಣ ಇಟ್ಟುಕೊಳ್ಳಬೇಕು. ಅದೂ ಹಾಳೆಯಲ್ಲಿ ಬರೆಯಬೇಕಾದ ಸಂಗತಿಯೇ. ಮೈಕಿನಲ್ಲಿ ಗುಂಯ್ ಎನ್ನುವ ಕರೆಂಟಿನ ದನಿ ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರು ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ವಯಸ್ಸಾದ ಹಾಡುಗಾರರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಹಾಡಲಾರರು ಎಂಬುದು ಇನ್ನೊಂದು ಮಾತು. ನಿಜ, ಮತ್ತು ತಪ್ಪು ಅವರದ್ದಲ್ಲ. ಕಂಪ್ಯೂಟರು ದನಿಯನ್ನು ಒಳಗೆಳೆದುಕೊಂಡು ಹೊರಗೆ ಬಿಡುವಷ್ಟರಲ್ಲಿ ಚೂರು ತಡವಾಗುತ್ತದೆ. ದನಿಯನ್ನು ಅರೆಗಳಿಗೆ ಕೂಡಿಟ್ಟುಕೊಳ್ಳುವ ತಂತ್ರಾಂಶದ ಬಫರನ್ನು 1024 ಮಾದರಿಗೆ ಇಟ್ಟರೆ ಒಂದು ದಿಕ್ಕಿಗೇ ಸುಮಾರು 21 ಮಿಲಿಸೆಕೆಂಡು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಓಡುವ ದನಿ ಅಷ್ಟರಲ್ಲಿ ಏಳು ಮೀಟರು ಹೋಗಿರುತ್ತದೆ. ಅಂದರೆ ಒಳಗೆ, ಹೊರಗೆ ಎರಡೂ ದಿಕ್ಕು ಸೇರಿದರೆ ಹಾಡುವವರಿಗೆ ತಮ್ಮದೇ ದನಿ ಹದಿನಾಲ್ಕು ಮೀಟರಾಚೆಯಿಂದ ಕೇಳಿದಂತಾಗುತ್ತದೆ. ಯಾರ ಲಯ ತಾನೇ ನಿಂತೀತು? ಬಫರನ್ನು 128ಕ್ಕೆ ಇಳಿಸಿದರೆ ಅಂತರ ಎರಡು ಮೀಟರಿನೊಳಗೆ ಬರುತ್ತದೆ. ಅದಕ್ಕಿಂತ ಒಳ್ಳೆಯದು ಒಂದು ಕಿವಿ ಬಿಟ್ಟು ಒಂದೇ ಕಿವಿಗೆ ಹಾಕಿಕೊಳ್ಳುವುದು. ಎಲ್ಲಕ್ಕಿಂತ ಒಳ್ಳೆಯದು ಮೇಳವನ್ನು ಒಟ್ಟಿಗೆ ಕೂರಿಸಿ ಹೆಡ್‌ಫೋನೇ ಇಲ್ಲದೆ ಹಾಡಿಸುವುದು. ಹರದೇಶಿ, ನಾಗೇಶಿ ಎರಡೂ ಮೇಳದವರು ಎದುರುಬದುರು ಕೂತರೆ ಹಾಡು ಸುಧಾರಿಸುವುದಲ್ಲದೆ, ಒಂದು ಮೇಳದ ಮೈಕುಗಳ ಬೆನ್ನು ಇನ್ನೊಂದು ಮೇಳದ ಕಡೆ ತಿರುಗಿ ನುಸುಳುವಿಕೆಯೂ ತಗ್ಗುತ್ತದೆ.

ಸಂತೆಗೆ ಬೇಕಾದದ್ದನ್ನು ಕೊಡುತ್ತೇವೆ ಎನ್ನುವವರ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮದುವೆ ಮೆರವಣಿಗೆಗೆ, ಟ್ರ್ಯಾಕ್ಟರಿನ ಮೇಲಿನ ಸ್ಪೀಕರ್ ಡಬ್ಬಿಗೆ ಹಾಡು ಬೇಕು; ಅದಕ್ಕೆ ಲೂಪು ಸಾಕು; ಅದರಿಂದ ಹಲವರ ಹೊಟ್ಟೆಪಾಡೂ ನಡೆದಿದೆ. ಕುಣಿಯುವ ಹಾಡನ್ನು ಗೇಲಿ ಮಾಡುವವರು ತಾವು ಕುಣಿಯುವುದನ್ನು ಬಿಟ್ಟವರೇ ಇರುತ್ತಾರೆ. ನನ್ನ ತಕರಾರು ಇಷ್ಟೇ: ಲೂಪೊಂದನ್ನೇ ಕಲಿತವರ ಮುಂದೆ ನಾಳೆ ಒಂದು ಪಾರಿಜಾತ ಮೇಳ ಬಂದು ಕೂತರೆ ಅವರ ಕೈ ಓಡುವುದಿಲ್ಲ. ಮೇಳವನ್ನು ಹಿಡಿಯಲು ಕಲಿತವರಿಗೆ ಲೂಪಿನ ಹಾಡು ಎಡಗೈಯ ಕೆಲಸ. ವ್ಯಾಪಾರದ ದೃಷ್ಟಿಯಿಂದಲೂ ಎರಡನೆಯದೇ ಲಾಭ, ಏಕೆಂದರೆ ತಯಾರು ಲೂಪು ಎಲ್ಲರ ಕಂಪ್ಯೂಟರಿನಲ್ಲೂ ಇದೆ, ಅದನ್ನು ಮಾರಿ ಯಾರೂ ಬಹಳ ದಿನ ಮುಂದೆ ನಿಲ್ಲಲಾರರು. ಒಂದು ಒಳ್ಳೆಯ ದಪ್ಪಿನ ಪೆಟ್ಟನ್ನು ನಾವೇ ಮುದ್ರಿಸಿಕೊಂಡು, ನಮ್ಮದೇ ಹೊಸ ಹಾಡಿಗೆ ಬಳಸಿದರೆ ಅದು ಇನ್ನೊಬ್ಬರ ಹತ್ತಿರ ಇಲ್ಲ. ಮಿಕ್ಸಿಂಗಿನಲ್ಲೂ ಇದೇ ಮಾತು. ಲೂಪಿನ ಹಾಡಿನಲ್ಲಿ ಬಡಿತ ಮುಂದೆ, ಮಾತು ಹಿಂದೆ ಇರುವುದು ವಾಡಿಕೆ. ಗೀಗೀ ಪದಕ್ಕೆ ಅದನ್ನೇ ಹಚ್ಚಬಾರದು. ಮೊದಲು ಮಾತಿನ ಟ್ರ್ಯಾಕೊಂದನ್ನೇ ತೆರೆದು, ಪ್ರತಿ ಅಕ್ಷರ ತಿಳಿಯುತ್ತದೆಯೇ ನೋಡಿ, ಆಮೇಲೆ ದಪ್ಪನ್ನು ಮೆಲ್ಲಗೆ ಏರಿಸುತ್ತ ಬರಬೇಕು. ಮಾತಿನ ಒಂದು ಅಕ್ಷರ ಮಸುಕಾದ ಕೂಡಲೇ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತರಬೇಕು. ಮೊಬೈಲಿನ ಸಣ್ಣ ಸ್ಪೀಕರಿನಲ್ಲೂ ಒಮ್ಮೆ ಕೇಳಿ ನೋಡಬೇಕು, ಹೆಚ್ಚಿನವರು ಕೇಳುವುದು ಅದರಲ್ಲೇ.

ಕೊನೆಗೆ ಹಾಳೆಯ ಇನ್ನೊಂದು ಉಪಯೋಗ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಬಂದ ತಿದ್ದುಪಡಿ ಹಾಡುಗಾರರಿಗೂ ವಾದ್ಯಗಾರರಿಗೂ ಪ್ರದರ್ಶಕರ ಹಕ್ಕು ಕೊಟ್ಟಿತು. ಈಗ ಅದರ ಅವಧಿ 50 ವರ್ಷ. ಹಕ್ಕು ಕಾಗದದಲ್ಲಿದೆ, ಆದರೆ ತುಂತುಣಿ ಹಿಡಿದವರು ಯಾರೆಂದು ಎಲ್ಲೂ ಬರೆದಿರದಿದ್ದರೆ ಆ ಹಕ್ಕನ್ನು ಯಾರ ಹೆಸರಿನಲ್ಲಿ ಕೇಳುವುದು? ಮುದ್ರಣದ ದಿನವೇ ಪ್ರತಿ ಟ್ರ್ಯಾಕಿನ ಮುಂದೆ ಹಾಡಿದವರ, ನುಡಿಸಿದವರ ಪೂರ್ತಿ ಹೆಸರು, ಊರು, ತಾರೀಖು ಬರೆದು, ಕೊಟ್ಟ ಸಂಭಾವನೆಯನ್ನೂ ಯಾವ ಬಳಕೆಗೆ ಒಪ್ಪಿದರು ಎಂಬುದನ್ನೂ ಸೇರಿಸಿ ಎರಡೂ ಕಡೆಯವರು ಸಹಿ ಹಾಕಬೇಕು. ಹಿಮ್ಮೇಳದವರ ಹೆಸರು ಬಿಟ್ಟುಹೋಗುವುದು ನಮ್ಮ ಕಡೆ ಹಳೆಯ ರೋಗ. ಫೈಲುಗಳನ್ನು ಉಳಿಸುವಾಗ ತಂತ್ರಾಂಶದ ತನ್ನದೇ ರೂಪದಲ್ಲಿ ಮಾತ್ರ ಇಟ್ಟರೆ ಹತ್ತು ವರ್ಷದ ಮೇಲೆ ಅದು ತೆರೆಯುತ್ತದೆಂಬ ಖಾತ್ರಿಯಿಲ್ಲ. ಎಲ್ಲ ಟ್ರ್ಯಾಕುಗಳೂ ಒಂದೇ ಸೊನ್ನೆಯಿಂದ ಶುರುವಾಗುವಂತೆ, ಉದ್ದ ಒಂದೇ ಇರುವಂತೆ, ವೇವ್ ರೂಪದಲ್ಲಿ ಬೇರೆ ಬೇರೆ ತೆಗೆದಿಟ್ಟರೆ ಯಾವ ಕಂಪ್ಯೂಟರಿನಲ್ಲಾದರೂ ಒಂದರ ಕೆಳಗೊಂದು ಹಾಕಿದ ಕೂಡಲೇ ಸರಿಯಾಗಿ ಕೂರುತ್ತವೆ. ಅದರ ಒಂದು ಪ್ರತಿ ಸ್ಟುಡಿಯೊದಲ್ಲಿ, ಒಂದು ಪ್ರತಿ ಮೇಳದವರ ಕೈಯಲ್ಲಿ ಇರಬೇಕು. ಮೂರನೆಯದನ್ನು ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ಒಪ್ಪಿಸಬಹುದು. ಫೈಲಿನ ಹೆಸರಿನಲ್ಲಿ ‘ಹೊಸದು’, ‘ಕೊನೆಯದು’, ‘ಕೊನೆಯದು ಎರಡು’ ಎಂದೆಲ್ಲ ಬರೆಯದೆ ಮೇಳದ ಹೆಸರು, ಪದದ ಮೊದಲ ಸಾಲು, ವರ್ಷ ಬರೆದರೆ ಮುಂದೆ ಹುಡುಕುವವರಿಗೆ ಅನುಕೂಲ.